ಕೊಲ್ಲಿಯ ಎಣ್ಣೆ, ಚೀನಾದ ಪ್ಯಾನಲ್: ಎರಡೂ ಒಂದೇ ಅಲ್ಲ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಕಡೆ ಸೋಲಾರ್ ಪಂಪಿನ ಮಾತು ಬಂದರೆ ಸಾಕು, ಒಂದು ವಾದ ತಪ್ಪದೆ ಎದುರಾಗುತ್ತದೆ: ಇಷ್ಟು ದಿನ ನಮ್ಮ ಜುಟ್ಟು ಅರಬರ ಕೈಯಲ್ಲಿತ್ತು, ಇನ್ನು ಚೀನಾದವರ ಕೈಗೆ ಹೋಗುತ್ತದೆ, ಬದಲಾಗುವುದು ಅಷ್ಟೇ. ಈ ವಾದಕ್ಕೆ ಆಧಾರವೇ ಇಲ್ಲವೆನ್ನಲಾಗದು. ಭಾರತ ಬಳಸುವ ಕಚ್ಚಾ ತೈಲದಲ್ಲಿ ಶೇ 85ಕ್ಕೂ ಹೆಚ್ಚು ಹೊರಗಿನಿಂದ ಬರುತ್ತದೆ. ಸೌರ ಫಲಕದ ಪ್ರತಿ ಹಂತದ ತಯಾರಿಕೆಯಲ್ಲೂ ಜಗತ್ತಿನ ಶೇ 80ಕ್ಕೂ ಮಿಕ್ಕ ಪಾಲು ಚೀನಾದ್ದು. ಎರಡು ಅಂಕಿಯೂ ನಿಜ. ಆದರೆ ಅವನ್ನು ಪಕ್ಕಪಕ್ಕ ಇಟ್ಟು ಎರಡೂ ಒಂದೇ ಬಗೆಯ ಅವಲಂಬನೆ ಎಂದು ತೀರ್ಮಾನಿಸುವುದು ತಪ್ಪು.

ಬೆಳಿಗ್ಗೆ ಟಿಲ್ಲರಿಗೆ ಹಾಕಿದ ಡೀಸೆಲ್ ಸಂಜೆಗೆ ಮುಗಿದಿರುತ್ತದೆ; ನಾಳೆ ಮತ್ತೆ ಬಂಕಿಗೆ ಹೋಗಬೇಕು. ಒಮ್ಮೆ ಕೊಂಡ ಪ್ಯಾನಲ್‌ಗೆ ಕಂಪನಿಗಳೇ ಸಾಮಾನ್ಯವಾಗಿ 25 ವರ್ಷದ ವಾರಂಟಿ ಕೊಡುತ್ತವೆ. ಹಾರ್ಮುಜ್ ಜಲಸಂಧಿಯಲ್ಲಿ ಟ್ಯಾಂಕರುಗಳು ನಿಂತರೆ ಅದರ ಬಿಸಿ ಕೆಲವೇ ವಾರಗಳಲ್ಲಿ ಪಿರಿಯಾಪಟ್ಟಣದ ಬಂಕಿಗೂ ತಟ್ಟುತ್ತದೆ. ಶಾಂಘೈನಿಂದ ಪ್ಯಾನಲ್ ಹೊತ್ತ ಹಡಗು ನಿಂತರೆ ಹೊಸಬರಿಗೆ ಪ್ಯಾನಲ್ ಸಿಗುವುದು ತಡವಾಗಬಹುದು, ಆದರೆ ಹೊಲದಲ್ಲಿ ಈಗಾಗಲೇ ನೆಟ್ಟಿರುವುದು ನೀರೆತ್ತುತ್ತಲೇ ಇರುತ್ತದೆ. 1973ರಲ್ಲಿ ಅರಬ್ ದೇಶಗಳು ತೈಲ ತಡೆದಾಗ ಕೆಲವೇ ತಿಂಗಳಲ್ಲಿ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. 1990ರ ಕೊಲ್ಲಿ ಬಿಕ್ಕಟ್ಟು ಏರಿಸಿದ ತೈಲದ ಖರ್ಚು, 1991ರಲ್ಲಿ ನಾವು ಚಿನ್ನ ಅಡವಿಡುವಂತಾದ ಕಾರಣಗಳಲ್ಲಿ ಒಂದು. ಫಲಕ ಮಾರುವ ದೇಶ ನಮ್ಮ ಮುಂದಿನ ಹೆಜ್ಜೆಯನ್ನು ನಿಧಾನ ಮಾಡಬಲ್ಲದು. ಎಣ್ಣೆ ಮಾರುವ ದೇಶ ಇವತ್ತಿನ ಕೆಲಸವನ್ನೇ ನಿಲ್ಲಿಸಬಲ್ಲದು.

ಹಾಗಾದರೆ ಚೀನಾದ ಹಿಡಿತಕ್ಕೆ ಹೆದರಬೇಕಿಲ್ಲವೇ ಎಂದು ಕೇಳಬಹುದು. ಹೆದರಲೇಬೇಕು, ಆದರೆ ಸರಿಯಾದ ಕಾರಣಕ್ಕೆ. 2025ರ ಏಪ್ರಿಲ್‌ನಲ್ಲಿ ಚೀನಾ ಅಪರೂಪದ ಲೋಹಗಳ ಅಯಸ್ಕಾಂತದ ರಫ್ತಿಗೆ ಲಗಾಮು ಹಾಕಿದಾಗ ನಮ್ಮ ವಾಹನ ತಯಾರಕರು ಪೇಚಿಗೆ ಸಿಕ್ಕಿದರು. ಪೆಟ್ಟು ಬಿದ್ದದ್ದು ಕಾರ್ಖಾನೆಗೆ. ಆಗಲೇ ರಸ್ತೆಗಿಳಿದಿದ್ದ ಎಲೆಕ್ಟ್ರಿಕ್ ಸ್ಕೂಟರುಗಳು ಓಡುತ್ತಲೇ ಇದ್ದವು. ಪ್ಯಾನಲ್‌ನಲ್ಲೂ ಚಿಂತೆ ಕಾರ್ಖಾನೆಯದ್ದೇ. 2022ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಆಮದು ಪ್ಯಾನಲ್ ಮೇಲೆ ಶೇ 40ರ ಸುಂಕ ಹಾಕಿದ ಮೇಲೆ ದೇಶದೊಳಗೆ ಜೋಡಣೆ ಬೆಳೆದಿದೆ. ಆದರೆ ಅದಕ್ಕೆ ಬೇಕಾದ ಪಾಲಿಸಿಲಿಕಾನ್ ಮತ್ತು ವೇಫರ್ ಈಗಲೂ ಹೆಚ್ಚಾಗಿ ಚೀನಾದಿಂದಲೇ ಬರುತ್ತವೆ. ಇದು ತುಂಬಬೇಕಾದ ಕೊರತೆ. ಹಾಗೆಂದು ಡೀಸೆಲ್‌ಗೇ ಅಂಟಿಕೊಂಡಿರಲು ಇದು ಕಾರಣವಾಗುವುದಿಲ್ಲ.

ಇದಕ್ಕಿಂತ ಆಳವಾಗಿ ಬೇರೂರಿರುವ ನಂಬಿಕೆ ಇನ್ನೊಂದಿದೆ: ಬೀಚನಹಳ್ಳಿಯ ಕಬಿನಿ ಅಣೆಕಟ್ಟೆಯಲ್ಲಿ, ಚುಂಚನಕಟ್ಟೆಯ ಕಾವೇರಿಯಲ್ಲಿ ಕರೆಂಟು ಹುಟ್ಟುತ್ತದೆ, 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಬಿಲ್ಲೂ ಇಲ್ಲ, ಆದ್ದರಿಂದ ಜಗತ್ತಿನ ಇಂಧನ ರಾಜಕೀಯ ನಮ್ಮನ್ನು ಮುಟ್ಟದು ಎಂಬುದು. ಆದರೆ ಆ ಎರಡೂ ಸಣ್ಣ ಘಟಕಗಳು, ನೀರಿದ್ದರಷ್ಟೇ ತಿರುಗುತ್ತವೆ. ಉಳಿದ ಕರೆಂಟಿಗೆ ಕಲ್ಲಿದ್ದಲೂ ಬೇಕು, ಆದರೆ ಕರ್ನಾಟಕದಲ್ಲಿ ಅದರ ಗಣಿಯೇ ಇಲ್ಲ. 1985ರಲ್ಲಿ ಶುರುವಾದ ರಾಯಚೂರು ಶಾಖೋತ್ಪನ್ನ ಕೇಂದ್ರಕ್ಕೆ ತೆಲಂಗಾಣದ ಸಿಂಗರೇಣಿಯಂಥ ಕಡೆಗಳಿಂದ ರೈಲಿನಲ್ಲಿ ಕಲ್ಲಿದ್ದಲು ಬರಬೇಕು. ರೈತರಿಗೆ ಬಾರದ ಬಿಲ್ಲನ್ನು ಸರ್ಕಾರ ನಮ್ಮೆಲ್ಲರ ತೆರಿಗೆಯಿಂದ ಕಟ್ಟುತ್ತದೆ. ಹೊಲದಲ್ಲಿರುವ ಯೂರಿಯಾ ಚೀಲವನ್ನೇ ನೋಡಿ: ಅದು ನೈಸರ್ಗಿಕ ಅನಿಲದಿಂದ ತಯಾರಾದದ್ದು, ಆ ಅನಿಲದ ಬಹುಪಾಲು ಹಡಗಿನಲ್ಲಿ ಬಂದದ್ದು. ಹೊಗೆಸೊಪ್ಪಿಗೆ ಹಾಕುವ ಪೊಟ್ಯಾಷ್‌ಗೂ ವಿದೇಶವೇ ಗತಿ. 2022ರಲ್ಲಿ ಉಕ್ರೇನ್ ಮೇಲೆ ಯುದ್ಧ ಶುರುವಾದಾಗ ಜಗತ್ತಿನಾದ್ಯಂತ ಗೊಬ್ಬರದ ಬೆಲೆ ನೆಗೆದದ್ದು ಅನಿಲ, ಪೊಟ್ಯಾಷ್‌ಗಳ ಪೂರೈಕೆಗೆ ಪೆಟ್ಟು ಬಿದ್ದದ್ದರಿಂದ. ಬ್ರೆಜಿಲ್‌ನಲ್ಲಿ ಹೊಗೆಸೊಪ್ಪಿನ ಬೆಳೆ ಕೆಟ್ಟರೆ ಕಟ್ಟೆಮಳಲವಾಡಿಯ ಹರಾಜು ಕಟ್ಟೆಯಲ್ಲಿ ಸೊಪ್ಪಿನ ದರ ಏರುತ್ತದೆಂದು ಬಲ್ಲ ಬೆಳೆಗಾರರಿಗೆ ಇದು ಅರ್ಥವಾಗದ ಮಾತೇನಲ್ಲ.

ಮಂಡ್ಯದ ಲಿಥಿಯಂ ನಮ್ಮನ್ನು ಸೌದಿ ಅರೇಬಿಯಾ ಮಾಡುತ್ತದೆ ಎಂಬ ಆಸೆಯೂ ನಿಲ್ಲುವಂಥದ್ದಲ್ಲ. ಮರಳಗಾಲ–ಅಲ್ಲಾಪಟ್ಟಣ ಪ್ರದೇಶದಲ್ಲಿ 14,100 ಟನ್ ಇದೆಯೆಂದು 2020ರಲ್ಲಿ ಸುದ್ದಿಯಾಯಿತು. ಕೇಂದ್ರ ಸರ್ಕಾರ ಆಮೇಲೆ ಹೇಳಿದ್ದು 1,600 ಟನ್, ಅದೂ ಪ್ರಾಥಮಿಕ ಶೋಧದ ಅಂದಾಜು. ಅದಿರು ನೆಲದಲ್ಲಿದ್ದ ಮಾತ್ರಕ್ಕೆ ಬ್ಯಾಟರಿಯಾಗದು. ಶುದ್ಧೀಕರಿಸುವ ಕಾರ್ಖಾನೆ ಬೇಕು. ಜಗತ್ತಿನ ಲಿಥಿಯಂನಲ್ಲಿ ಅರ್ಧಕ್ಕಿಂತ ಹೆಚ್ಚು ಶುದ್ಧವಾಗುವುದು ಚೀನಾದಲ್ಲೇ. ಅದಿರಿಗೂ ನಾವು ಹೊರಗೆ ನೋಡುತ್ತಿದ್ದೇವೆ: 2024ರ ಜನವರಿಯಲ್ಲಿ ಭಾರತದ ಸರ್ಕಾರಿ ಕಂಪನಿ ಕಾಬಿಲ್ ಲಿಥಿಯಂ ಹುಡುಕಲು ಅರ್ಜೆಂಟೀನಾದ ಕಟಮಾರ್ಕಾ ಪ್ರಾಂತ್ಯದಲ್ಲಿ ಒಪ್ಪಂದ ಮಾಡಿಕೊಂಡಿತು.

ಸೌರಶಕ್ತಿ ಎಲ್ಲವನ್ನೂ ಮಾಡದು ಎಂಬುದನ್ನೂ ಹೇಳಬೇಕು. ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿನಲ್ಲಿ ಐದಾರು ದಿನ ಹಗಲೂ ರಾತ್ರಿ ಒಲೆ ಉರಿಯಬೇಕು. ತಗಡಿನ ಕೊಳವೆಗಳಲ್ಲಿ ಬಿಸಿ ಹರಿದು, ಮೊದಲು ಎಲೆ ಹಳದಿಗೆ ತಿರುಗಿ, ಕೊನೆಗೆ ದಂಟು ಒಣಗಬೇಕು. ಸದ್ಯಕ್ಕೆ ಆ ಕೆಲಸಕ್ಕೆ ಸೌದೆಯೇ ಗತಿ. ಬೇಲಿಬದುಗಳಲ್ಲಿ ಸಿಲ್ವರ್ ಓಕ್, ಸರ್ವೆ ಬೆಳೆಸುವುದೇ ಅಲ್ಲಿನ ದಾರಿ. ಪಂಪಿನ ವಿಷಯ ಹಾಗಲ್ಲ. ನಾಗರಹೊಳೆಯ ಅಂಚಿನ ಹನಗೋಡು, ಅಂತರಸಂತೆ ಕಡೆ ತ್ರೀ ಫೇಸ್ ಕರೆಂಟು ರಾತ್ರಿ ಬಂದರೆ, ಆನೆ ತಿರುಗುವ ಹೊತ್ತಿನಲ್ಲಿ ಮೋಟಾರು ಹಾಕಲು ಜೀವ ಕೈಯಲ್ಲಿ ಹಿಡಿದು ಹೋಗಬೇಕು. ಬಿಸಿಲಿನ ಪಂಪು ಹಗಲಲ್ಲೇ ನೀರು ಕೊಡುತ್ತದೆ.

ಆದ್ದರಿಂದ 2019ರಲ್ಲಿ ಆರಂಭವಾದ ಕುಸುಮ್ ಯೋಜನೆಯಡಿ ಸೋಲಾರ್ ಪಂಪಿಗೆ ಅರ್ಜಿ ಹಾಕುವವರು ಪ್ಯಾನಲ್ ಯಾವ ದೇಶದ್ದು ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. ಪ್ಯಾನಲ್‌ಗಿಂತ ಮೊದಲು ಸಾಮಾನ್ಯವಾಗಿ ಕೆಡುವುದು ಪಂಪು ನಡೆಸುವ ಕಂಟ್ರೋಲರ್. ಅದು ಕೆಟ್ಟರೆ ತಾಲ್ಲೂಕಿನಲ್ಲೇ ರಿಪೇರಿ ಮಾಡುವವರು ಯಾರು, ಬಿಡಿಭಾಗ ಎಲ್ಲಿ ಸಿಗುತ್ತದೆ, ಎಷ್ಟು ದಿನದೊಳಗೆ ಎಂಬುದನ್ನು ಸಹಿ ಹಾಕುವ ಮೊದಲೇ ಬರೆಸಿಕೊಳ್ಳಿ.