ಹಳೆಯ ಸುಮೋದಲ್ಲಿ ಉಳವಿಯಾತ್ರೆಯ ಸಾಮಾನು

ಭಾರತ ಹುಣ್ಣಿಮೆಯ ಜಾತ್ರೆಗೆಂದು ಉಳವಿಗೆ ಹೊರಡುವ ಕುಟುಂಬಗಳು ರೊಟ್ಟಿಯ ಬುತ್ತಿ, ಹಾಸಿಗೆ, ಪಾತ್ರೆಗಳನ್ನೆಲ್ಲ ವಾಹನದ ನೆತ್ತಿಗೇರಿಸುವುದುಂಟು. 1994ರಲ್ಲಿ ಬಂದು 2019ರಲ್ಲಿ ತಯಾರಿಕೆ ನಿಂತ ಟಾಟಾ ಸುಮೋ ಮೊದಲೇ ಎತ್ತರದ ಗಾಡಿ. ಮೇಲೆ ಭಾರ ಹೆಚ್ಚಿದಷ್ಟೂ ಕಾಡುದಾರಿಯ ತಿರುವುಗಳಲ್ಲಿ ಮಗುಚುವ ಅಪಾಯವೂ ಹೆಚ್ಚು.

ಸ್ಥಳವು ಒಳಗೇ ಇದೆ. ಹಿಂಬದಿಯ ಎದುರುಬದುರು ಆಸನಗಳಲ್ಲಿ ಒಂದು ಪಕ್ಕವನ್ನು ಸಾಮಾನಿಗೇ ಬಿಟ್ಟು, ಪಾತ್ರೆ, ನೀರಿನ ಕ್ಯಾನುಗಳಂಥ ಭಾರದ ವಸ್ತುಗಳನ್ನು ನಡುವಣ ಆಸನದ ಬೆನ್ನಿಗೊತ್ತಿ ನೆಲದ ಮೇಲಿರಿಸಿ ಹಗ್ಗದಿಂದ ಬಿಗಿಯಬೇಕು. ಹಗ್ಗಕ್ಕೆ ಕೊಂಡಿ ಕೂರಿಸಲು ನೆಲವನ್ನು ಕೊರೆಯುವ ಮುನ್ನ ಕೆಳಗಿನ ಇಂಧನ ಟ್ಯಾಂಕು, ಬ್ರೇಕಿನ ಕೊಳವೆಗಳನ್ನು ಮೆಕ್ಯಾನಿಕನಿಂದ ನೋಡಿಸತಕ್ಕದ್ದು. ಮುಂದಿನ ಆಸನಗಳ ಬೆನ್ನಿಗೆ ಕ್ಯಾನ್ವಾಸಿನ ಜೇಬುಗಳನ್ನು ಹೊಲಿಸಿದರೆ ಔಷಧಿ, ವಿಭೂತಿ, ಟಾರ್ಚು ಕೈಗೆಟಕುತ್ತವೆ. (ಪೂಜೆಯ ಚೀಲವನ್ನಂತೂ ಹಿರಿಯರು ಮಡಿಲಿನಿಂದ ಇಳಿಸುವುದಿಲ್ಲ, ಅದಕ್ಕೆ ಸ್ಥಳ ಹುಡುಕುವ ಶ್ರಮವಿಲ್ಲ!) ಚಾಲಕನ ಕಾಲಬಳಿ ಮಾತ್ರ ಏನನ್ನೂ ಇಡಲಾಗದು, ಉರುಳಿದ ಬಾಟಲಿಯೊಂದು ಬ್ರೇಕಿನ ಪೆಡಲಿನಡಿ ಸಿಕ್ಕಿದರೆ ಗಾಡಿ ನಿಲ್ಲದು.