ಮರ ಕೊಯ್ಯುವ ಯಂತ್ರದ ಎರಡು ಮುಚ್ಚಳಗಳು



ಮುಂಗಾರಿನ ಗಾಳಿಗೆ ನಿಮ್ಮ ತೋಟದ ಬೇಲಿಯ ಮೇಲೆ ಒಂದು ಮರ ಬಿದ್ದಿದೆ ಎಂದುಕೊಳ್ಳಿ. ಹಿಂದೆಯಾದರೆ ಇಬ್ಬರು ಆಳು ಗರಗಸದ ಎರಡು ತುದಿ ಹಿಡಿದು ಅರ್ಧ ದಿನ ಎಳೆಯಬೇಕಾಗಿತ್ತು. ಈಗ ಮಲೆನಾಡಿನ ಅಡಿಕೆ ತೋಟ, ಕಾಫಿ ತೋಟಗಳಿಗೆ ಪೆಟ್ರೋಲಿನಿಂದ ಓಡುವ ಚೈನ್ ಗರಗಸ ಬಂದಿದೆ. ಕೆಲಸ ಬೇಗ ಮುಗಿಯುತ್ತದೆ. ಆದರೆ ಈ ಯಂತ್ರ ಇಟ್ಟುಕೊಂಡವರು ನಾಲ್ಕು ಜನ ಒಂದೆಡೆ ಸೇರಲಿ, ಚೈನಿನ ಹರಿತದಿಂದ ಶುರುವಾದ ಮಾತು ಕೊನೆಗೆ ಮುಚ್ಚಳದ ಜಗಳಕ್ಕೆ ಬಂದು ನಿಲ್ಲುತ್ತದೆ. “ತಿರುಪಿನ ಮುಚ್ಚಳವೇ ಗಟ್ಟಿ” ಎಂದು ಒಬ್ಬರು. “ನೀವು ಸ್ಪ್ಯಾನರ್ ಹುಡುಕೋ ಹೊತ್ತಿಗೆ ನಾನು ಎರಡು ತುಂಡು ಕೊಯ್ದಿರ್ತೀನಿ” ಎಂದು ಇನ್ನೊಬ್ಬರು.

ಒಂದು ಪ್ಲಾಸ್ಟಿಕ್ ಬಿಲ್ಲೆಗೆ ಇಷ್ಟೆಲ್ಲ ಮಾತೇ ಎನ್ನಬೇಡಿ. ಮುಚ್ಚಳ ಸರಿಯಾಗಿ ಕೂರದಿದ್ದರೆ ಪೆಟ್ರೋಲು ಚೆಲ್ಲುವುದು ಕೊಯ್ಯುವವನ ತೊಡೆಯ ಮೇಲೆ. ಕೈಯಲ್ಲಿರುವುದೋ ಕಾದ ಎಂಜಿನ್ನು.

ಈ ಗರಗಸಕ್ಕೆ ಎರಡು ಟ್ಯಾಂಕು ಇರುತ್ತವೆ. ಒಂದರಲ್ಲಿ ಎಂಜಿನ್ನಿಗೆ ಬೇಕಾದ, 2ಟಿ ಆಯಿಲ್ ಬೆರೆಸಿದ ಪೆಟ್ರೋಲು. ಇನ್ನೊಂದರಲ್ಲಿ ಚೈನಿಗೆ ತೊಟ್ಟಿಕ್ಕುವ ಎಣ್ಣೆ. ಪೆಟ್ರೋಲು ಮುಗಿಯುವವರೆಗೂ ಚೈನಿಗೆ ಎಣ್ಣೆ ಸಾಲುವಂತೆ ಟ್ಯಾಂಕುಗಳ ಅಳತೆ ಹೊಂದಿಸಿರುತ್ತಾರೆ. ಆದ್ದರಿಂದ ಒಂದನ್ನು ತುಂಬಿದಾಗಲೆಲ್ಲ ಇನ್ನೊಂದನ್ನೂ ತುಂಬಬೇಕು. ಪೆಟ್ರೋಲು ಬರಿದಾಗಿ ಎಣ್ಣೆ ಹಾಗೆಯೇ ಉಳಿದಿದ್ದರೆ ಸಂತೋಷಪಡಬೇಡಿ. ಎಣ್ಣೆಯ ದಾರಿ ಕಟ್ಟಿಕೊಂಡಿದೆ, ಚೈನು ಒಣಗಿ ಓಡಿದೆ ಎಂದು ತಿಳಿಯಿರಿ. ದಿನಕ್ಕೆ ಹತ್ತು ಸಲ ತೆರೆದು ಮುಚ್ಚುವ ಮುಚ್ಚಳದ ಮೇಲೆ ಜನಕ್ಕೆ ಅಭಿಪ್ರಾಯ ಬೆಳೆಯುವುದು ಸಹಜವೇ.

ಮುಚ್ಚಳದಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಸೀಸೆಯ ಬಿರಡೆಯಂತೆ ಹಲವು ಸುತ್ತು ತಿರುಗಿಸುವ ತಿರುಪಿನ ಮುಚ್ಚಳ. ಎರಡನೆಯದರ ತಲೆಯ ಮೇಲೆ ಮಡಚುವ ಒಂದು ರೆಕ್ಕೆ ಇರುತ್ತದೆ. ರೆಕ್ಕೆ ಎತ್ತಿ ಕಾಲು ಸುತ್ತು ತಿರುಗಿಸಿದರೆ ಕಳಚಿಕೊಳ್ಳುತ್ತದೆ. ಜರ್ಮನಿಯ ಸ್ಟಿಲ್ ಕಂಪನಿಯ ಅನೇಕ ಗರಗಸಗಳಲ್ಲಿ ರೆಕ್ಕೆಯ ಮುಚ್ಚಳ, ಸ್ವೀಡನ್ನಿನ ಹಸ್ಕ್‌ವರ್ನಾ ಕಂಪನಿಯ ಬಹಳಷ್ಟರಲ್ಲಿ ತಿರುಪಿನದು. ಹಾಗೆಂದು ಅವರು ಎಲ್ಲ ಮಾದರಿಗೂ ಒಂದೇ ಬಗೆ ಹಾಕಿಲ್ಲ.

ರೆಕ್ಕೆಯ ಪಕ್ಷದವರ ವಾದ ಸರಳ. ಉಪಕರಣ ಬೇಡ, ಕೈಗವಸು ತೆಗೆಯಬೇಕಾಗಿಲ್ಲ, ಎಣ್ಣೆ ಮೆತ್ತಿದ ಬೆರಳಿಗೂ ಹಿಡಿತ ಸಿಗುತ್ತದೆ. ನಿಜವೇ. ಆದರೆ ಇದರ ತೊಂದರೆಯೂ ಸಣ್ಣದಲ್ಲ. ಮುಚ್ಚಳದ ಮೇಲಿನ ಭಾಗ, ಕೆಳಗಿನ ಭಾಗ ಬೇರೆ ಬೇರೆ. ಟ್ಯಾಂಕಿನಿಂದ ಹೊರಗಿರುವಾಗ ಕೆಳಭಾಗ ತಿರುಗಿಬಿಟ್ಟರೆ, ಆಮೇಲೆ ಎಷ್ಟು ಒತ್ತಿದರೂ ಸಿಕ್ಕಿಕೊಳ್ಳುವುದಿಲ್ಲ. ಹೊಸಬರು ಇಲ್ಲೇ ಸೋಲುತ್ತಾರೆ, ಮುಚ್ಚಳ ಕೆಟ್ಟಿತೆಂದು ಎಸೆಯುವವರೂ ಉಂಟು. ಎಸೆಯಬೇಡಿ. ಮುಚ್ಚಳವನ್ನು ಬಾಯಿಯ ಮೇಲಿಟ್ಟು ರೆಕ್ಕೆ ಹಿಡಿದು ಎಡಕ್ಕೆ, ಅಂದರೆ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಿಸಿ. ಒಂದು ಜಾಗದಲ್ಲಿ ಅದು ಕೆಳಗೆ ಇಳಿದು ಕೂರುತ್ತದೆ. ಅಲ್ಲಿಂದ ಇನ್ನೂ ಕಾಲು ಸುತ್ತು ಎಡಕ್ಕೇ ತಿರುಗಿಸಿದರೆ ಕೆಳಭಾಗ ತನ್ನ ಸ್ಥಾನಕ್ಕೆ ಬರುತ್ತದೆ. ಈಗ ಒತ್ತಿಕೊಂಡೇ ಬಲಕ್ಕೆ ತಿರುಗಿಸಿ, ಸಿಕ್ಕಿಕೊಂಡ ಮೇಲೆ ರೆಕ್ಕೆ ಮಡಚಿ. ಮಡಚಿದ ರೆಕ್ಕೆ ಮಟ್ಟಸವಾಗಿ ಮಲಗಬೇಕು. ಚೂರು ಎದ್ದಿದ್ದರೂ ಮುಚ್ಚಳ ಕೂತಿಲ್ಲ ಎಂದೇ ಲೆಕ್ಕ. ಗರಗಸದ ಹೊಟ್ಟು ಸಂದಿಗೆ ಸೇರಿಕೊಂಡಾಗಲೂ ಇದೇ ಫಜೀತಿ.

ತಿರುಪಿನ ಮುಚ್ಚಳದಲ್ಲಿ ಇಂಥ ಕಸರತ್ತು ಇಲ್ಲ. ಅದರ ಕಾಟ ಎಂದರೆ, ಬೆಳಿಗ್ಗೆ ಕೈಯಲ್ಲಿ ಬಿಗಿದದ್ದು ಮಧ್ಯಾಹ್ನಕ್ಕೆ ಕೈಗೆ ಬಗ್ಗುವುದಿಲ್ಲ. ಸ್ಪ್ಯಾನರ್ ಬೇಕು, ಅದು ಮನೆಯಲ್ಲೇ ಉಳಿದಿರುತ್ತದೆ! ಸಿಟ್ಟಿನಲ್ಲಿ ಸ್ಪ್ಯಾನರಿನಿಂದಲೇ ಬಿಗಿಯುವವರು ಒಳಗಿನ ರಬ್ಬರ್ ಉಂಗುರವನ್ನು ಜಜ್ಜಿಬಿಡುತ್ತಾರೆ. ತೆಗೆಯುವುದಕ್ಕೆ ಸ್ಪ್ಯಾನರ್ ಇರಲಿ, ಬಿಗಿಯುವುದಕ್ಕೆ ಕೈಯೇ ಸಾಕು. ಅವಸರದಲ್ಲಿ ತಿರುಪು ಓರೆಯಾಗಿ ಹತ್ತುವುದೂ ಉಂಟು. ಮೊದಲು ಎಡಕ್ಕೆ ತಿರುಗಿಸಿ, ಟಕ್ಕೆಂದು ಇಳಿದ ಮೇಲೆ ಬಲಕ್ಕೆ ತಿರುಗಿಸಿದರೆ ಆ ತಪ್ಪು ಆಗುವುದಿಲ್ಲ.

ಇನ್ನೊಂದು ಮುಖ್ಯ ವಿಷಯ. ಬಿಸಿಲಲ್ಲಿ ಓಡಿದ ಯಂತ್ರದ ಪೆಟ್ರೋಲ್ ಟ್ಯಾಂಕಿನೊಳಗೆ ಆವಿಯ ಒತ್ತಡ ಕಟ್ಟಿರುತ್ತದೆ. ಥಟ್ಟನೆ ತೆರೆದರೆ ಪೆಟ್ರೋಲು ಕಾರಂಜಿಯಂತೆ ಮುಖಕ್ಕೆ ಹಾರಬಹುದು. ಟ್ಯಾಂಕು ಅರ್ಧಕ್ಕಿಂತ ತುಂಬಿರುವಾಗ ಈ ಅಪಾಯ ಹೆಚ್ಚು. ತಿರುಪಿನದಾದರೆ ಸ್ವಲ್ಪ ಸಡಿಲಿಸಿ, ಬುಸ್ಸೆನ್ನುವ ಸದ್ದು ನಿಲ್ಲುವವರೆಗೆ ಕಾಯಬಹುದು. ಕಾಲು ಸುತ್ತಿನದನ್ನೂ ಒಂದೇ ಸಲಕ್ಕೆ ತೆಗೆಯದೆ, ನಿಧಾನವಾಗಿ ಸ್ವಲ್ಪ ತಿರುಗಿಸಿ ಒತ್ತಡ ಇಳಿಯಲು ಬಿಡಬೇಕು. ಯಾವುದೇ ಇರಲಿ, ಎಂಜಿನ್ ನಿಲ್ಲಿಸಿ, ಆರಿದ ಮೇಲೆಯೇ ತೆರೆಯಿರಿ. ಬೀಡಿ ಸೇದುವವರು ಆಗ ಹತ್ತಿರ ಸುಳಿಯಬಾರದು.

ಚೈನಿನ ಎಣ್ಣೆಯ ಮುಚ್ಚಳಕ್ಕೆ ಅನ್ಯಾಯವಾಗಿ ಬೈಯುವವರು ಬಹಳ. ರಾತ್ರಿ ಇಟ್ಟ ಗರಗಸದ ಕೆಳಗೆ ಬೆಳಿಗ್ಗೆ ಎಣ್ಣೆ ಕಂಡರೆ “ಮುಚ್ಚಳ ಸೋರ್ತಿದೆ” ಎನ್ನುತ್ತಾರೆ. ಬಾರ್ ಮತ್ತು ಚೈನಿನಲ್ಲಿ ಉಳಿದ ಎಣ್ಣೆ ಇಳಿದು ಬರುವುದೂ ಉಂಟು. ಮುಚ್ಚಳದ ಸುತ್ತ ಒರೆಸಿ, ಗರಗಸದ ಕೆಳಗೆ ಕಾಗದ ಹಾಸಿಟ್ಟು ನೋಡಿ. ಕಲೆ ಎಲ್ಲಿ ಬಿತ್ತೆಂದು ಅದೇ ಹೇಳುತ್ತದೆ.

ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುತ್ತದೆ. ಅದು ನೀರನ್ನು ಎಳೆದುಕೊಳ್ಳುತ್ತದೆ, ಕೆಲವು ರಬ್ಬರಿಗೂ ಒಗ್ಗುವುದಿಲ್ಲ. ಉಂಗುರ ಉಬ್ಬಿದ್ದರೆ, ಬಿರಿದಿದ್ದರೆ ಮುಚ್ಚಳ ಎಷ್ಟು ಒಳ್ಳೆಯದಾದರೂ ಪ್ರಯೋಜನವಿಲ್ಲ. ಮಳೆಗಾಲ ಮುಗಿದು ಯಂತ್ರವನ್ನು ಅಟ್ಟಕ್ಕೇರಿಸುವಾಗ ಪೆಟ್ರೋಲು ಬಸಿದು ಇಡಿ.

ಹಾಗಾದರೆ ಯಾವುದು ಮೇಲು? ದಿನವೂ ಮರ ಕೊಯ್ಯುವ ಒಬ್ಬನೇ ಬಳಸುವ ಯಂತ್ರಕ್ಕೆ ರೆಕ್ಕೆಯದು ಅನುಕೂಲ. ಅವನ ಕೈಗೆ ಅದರ ಗುಟ್ಟು ಗೊತ್ತಿರುತ್ತದೆ. ಅಣ್ಣ, ತಮ್ಮ, ಪಕ್ಕದ ಮನೆಯವರು, ಕೂಲಿಯವರು ಎಲ್ಲರ ಕೈಗೂ ಹೋಗುವ ಯಂತ್ರವಾದರೆ ನನ್ನ ಮತ ತಿರುಪಿನ ಮುಚ್ಚಳಕ್ಕೆ. ಅದನ್ನು ಯಾರೂ ಕಲಿಯಬೇಕಾಗಿಲ್ಲ.

ತುಂಬುವಾಗ ಗರಗಸವನ್ನು ಮುಚ್ಚಳ ಮೇಲೆ ಬರುವಂತೆ ಮಲಗಿಸಿ, ಸುತ್ತಲ ಹೊಟ್ಟನ್ನು ಬಟ್ಟೆಯಿಂದ ಒರೆಸಿ. ಮುಚ್ಚಳದ ಮೇಲಿನ ಗುರುತು ನೋಡಿ. ಪೆಟ್ರೋಲಿನದಕ್ಕೆ ಪಂಪಿನ ಚಿತ್ರ, ಎಣ್ಣೆಯದಕ್ಕೆ ತೊಟ್ಟಿನ ಚಿತ್ರ ಸಾಮಾನ್ಯ. ಮುಚ್ಚಿದ ಮೇಲೆ ಒಮ್ಮೆ ಎಳೆದು, ಯಂತ್ರವನ್ನು ಮಗುಚಿ, ತೊಟ್ಟು ಬೀಳುತ್ತದೆಯೇ ಎಂದು ನೋಡಿ. ಚೆಲ್ಲಿದ್ದನ್ನು ಒರೆಸಿ, ತುಂಬಿದ ಜಾಗದಿಂದ 10 ಅಡಿ ಆಚೆಗೆ ಒಯ್ದು ಚಾಲೂ ಮಾಡಿ. ಮುಂದಿನ ಸಲ ಪೇಟೆಗೆ ಹೋದಾಗ ಎರಡು ಮುಚ್ಚಳಕ್ಕೂ ಒಂದೊಂದು ರಬ್ಬರ್ ಉಂಗುರ ತಂದಿಟ್ಟುಕೊಳ್ಳಿ. ಹಳೆಯದನ್ನು ಜೊತೆಗೆ ಒಯ್ಯಲು ಮರೆಯಬೇಡಿ, ಅಳತೆ ಯಂತ್ರದಿಂದ ಯಂತ್ರಕ್ಕೆ ಬೇರೆ ಬೇರೆ.