ಟ್ಯಾಬ್ಲೆಟ್‌ನಲ್ಲಿ ಸ್ವರಲಿಪಿ: ಚಿತ್ರವೋ, ಸ್ವರವೋ?

ಪಾಶ್ಚಾತ್ಯ ಸಂಗೀತದ ಪಿಯಾನೋ ಕಛೇರಿಯನ್ನು ನೋಡಿದವರು ವಾದಕರ ಎಡಬದಿಯಲ್ಲಿ ಸದ್ದಿಲ್ಲದೆ ಕುಳಿತಿರುವ ಇನ್ನೊಬ್ಬರನ್ನು ಗಮನಿಸಿರಬಹುದು. ಅವರು ಏನನ್ನೂ ನುಡಿಸುವುದಿಲ್ಲ. ಸರಿಯಾದ ಗಳಿಗೆಯಲ್ಲಿ ಎದ್ದು ಸ್ವರಲಿಪಿಯ ಹಾಳೆಯನ್ನು ಮಗುಚಿ ಮತ್ತೆ ಕೂರುವುದಷ್ಟೇ ಅವರ ಕೆಲಸ. ಆ ಪದ್ಧತಿಯಲ್ಲಿ ಬಹುಪಾಲು ಪ್ರತಿ ಸ್ವರವೂ ಬರೆದಿಟ್ಟದ್ದು. ನುಡಿಸುವಾಗ ಎರಡು ಕೈಗಳಿಗೂ ಬಿಡುವಿಲ್ಲ. ವಾದ್ಯವೃಂದದಲ್ಲಿ ಪಿಟೀಲು ವಾದಕರು ಸಾಮಾನ್ಯವಾಗಿ ಇಬ್ಬರಿಗೊಂದು ಸ್ಟ್ಯಾಂಡ್ ಹಂಚಿಕೊಳ್ಳುತ್ತಾರೆ. ಪುಟ ಮುಗಿದಾಗ ಇಬ್ಬರಲ್ಲಿ ಒಬ್ಬರು ಕಮಾನು ತಡೆದು ಹಾಳೆ ಮಗುಚಬೇಕು. ಅಷ್ಟು ಹೊತ್ತು ಪಿಟೀಲುಗಳ ದನಿ ಅರ್ಧಕ್ಕೆ ಇಳಿಯುತ್ತದೆ.

ಇದಕ್ಕೆ ವಿದ್ಯುನ್ಮಾನ ಪರಿಹಾರ ಹುಡುಕುವ ಯತ್ನ ಹಳೆಯದೇ. 2000ರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದ ಫ್ರೀಹ್ಯಾಂಡ್ ಸಿಸ್ಟಮ್ಸ್ ಸಂಸ್ಥೆ ಸ್ವರಲಿಪಿಗೆಂದೇ ಮ್ಯೂಸಿಕ್‌ಪ್ಯಾಡ್ ಪ್ರೊ ಎಂಬ ಉಪಕರಣ ತಂದಿತ್ತು. ಆದರೆ ಅದು ಆ ಒಂದು ಕೆಲಸಕ್ಕೆ ಮಾತ್ರ. 2010ರಲ್ಲಿ ಐಪ್ಯಾಡ್ ಬಂದ ಮೇಲೆ ಚಿತ್ರ ಬದಲಾಯಿತು. 2012ರಲ್ಲಿ ಬೆಲ್ಜಿಯಂನ ಬ್ರಸೆಲ್ಸ್ ಫಿಲ್ಹಾರ್ಮೋನಿಕ್ ವಾದ್ಯವೃಂದ ಕಾಗದ ಬಿಟ್ಟು ಸ್ಯಾಮ್‌ಸಂಗ್ ಟ್ಯಾಬ್ಲೆಟ್‌ಗಳನ್ನು ಮುಂದಿಟ್ಟುಕೊಂಡು ನುಡಿಸಿ ಸುದ್ದಿಯಾಯಿತು.

ಮೊದಲ ಪ್ರಶ್ನೆ ಪರದೆಯ ಗಾತ್ರದ್ದು. ಎ4 ಹಾಳೆಯ ಉದ್ದ 29.7 ಸೆಂ.ಮೀ. ಮೊದಲ ಐಪ್ಯಾಡ್‌ನ 9.7 ಅಂಗುಲದ ಪರದೆಯ ಉದ್ದ ಸುಮಾರು 19.7 ಸೆಂ.ಮೀ. ಇಡೀ ಹಾಳೆಯನ್ನು ಅದರಲ್ಲಿ ತೋರಿಸಿದರೆ ಎಲ್ಲವೂ ಮೂರನೆಯ ಎರಡರಷ್ಟಕ್ಕೆ ಕುಗ್ಗುತ್ತದೆ. ಐದು ಗೆರೆಗಳ ಪಟ್ಟಿಯ ಎತ್ತರ ಕಾಗದದಲ್ಲಿ 7 ಮಿ.ಮೀ. ಇದ್ದರೆ ಪರದೆಯಲ್ಲಿ 4.6 ಮಿ.ಮೀ. ಕೈಯಲ್ಲಿ ಹಿಡಿದು ಓದಲು ಇದು ಸಾಕು. ಪಿಟೀಲು ಹಿಡಿದು ಒಂದು ಮೀಟರ್ ದೂರದಿಂದ ಓದಲು ಸಾಲದು. 2015ರಲ್ಲಿ ಬಂದ 12.9 ಅಂಗುಲದ ಪರದೆಯಲ್ಲಿ ಕುಗ್ಗುವಿಕೆ ಶೇ. 12 ಮಾತ್ರ. ಹಾಳೆಯ ಬಿಳಿ ಅಂಚನ್ನು ಕತ್ತರಿಸಿಬಿಟ್ಟರೆ ಅದೂ ಉಳಿಯುವುದಿಲ್ಲ. ಆದ್ದರಿಂದ ಕೊಳ್ಳುವವರು ಪರದೆಯ ಅಳತೆಯ ಮೇಲೆ ಹಣ ಹಾಕುವುದು ಲೇಸು. ವೇಗದ ಸಂಸ್ಕಾರಕ ಇಲ್ಲಿ ಅಷ್ಟು ಮುಖ್ಯವಲ್ಲ.

ಎರಡನೆಯದು ಪುಟ ಮಗುಚುವುದು. ಕೈಗೆ ಬಿಡುವಿಲ್ಲದಿದ್ದರೂ ಕಾಲಿಗಿದೆ. ನೆಲದ ಮೇಲಿಟ್ಟ ಎರಡು ಪೆಡಲ್‌ಗಳ ಚಿಕ್ಕ ಹಲಗೆ ಬ್ಲೂಟೂತ್ ಮೂಲಕ ಟ್ಯಾಬ್ಲೆಟ್‌ನೊಡನೆ ಮಾತಾಡುತ್ತದೆ. ಇದರಲ್ಲಿ ದೊಡ್ಡ ಮರ್ಮವೇನೂ ಇಲ್ಲ. ಟ್ಯಾಬ್ಲೆಟ್‌ನ ಮಟ್ಟಿಗೆ ಅದೊಂದು ಕೀಲಿಮಣೆ, ಅದರಲ್ಲಿರುವುದು ಎರಡೇ ಕೀಲಿ: ಮುಂದಿನ ಪುಟ, ಹಿಂದಿನ ಪುಟ. ಹೆಚ್ಚು ಜಾಣತನದ್ದೆಂದರೆ ಅರ್ಧಪುಟ ಮಗುಚುವ ಕ್ರಮ. ವಾದಕರ ಕಣ್ಣು ಯಾವಾಗಲೂ ಬೆರಳಿಗಿಂತ ಒಂದೆರಡು ಆವರ್ತ ಮುಂದೆ ಇರುತ್ತದೆ. ಪುಟದ ಕೊನೆಯ ಸಾಲು ನುಡಿಸುತ್ತಿರುವಾಗಲೇ ಮುಂದಿನ ಪುಟದ ಮೊದಲ ಸಾಲು ಕಾಣಬೇಕು. ಪೆಡಲನ್ನು ಒಮ್ಮೆ ಒತ್ತಿದರೆ ಪರದೆಯ ಮೇಲರ್ಧಕ್ಕೆ ಹೊಸ ಪುಟ ಬರುತ್ತದೆ, ಕೆಳಗಿನ ಅರ್ಧದಲ್ಲಿ ಹಳೆಯ ಪುಟವೇ ಉಳಿದಿರುತ್ತದೆ. ಕೆಳಗಿನದು ಮುಗಿದಾಗ ಕಣ್ಣು ಮೇಲಕ್ಕೆ ಹೋಗುತ್ತದೆ. ಮತ್ತೊಮ್ಮೆ ಒತ್ತಿದರೆ ಕೆಳಗಿನ ಅರ್ಧವೂ ಬದಲಾಗುತ್ತದೆ. ಕಾಗದದಲ್ಲಿ ಇದು ಸಾಧ್ಯವೇ ಇರಲಿಲ್ಲ!

ಇನ್ನು ಶೇಖರಣೆ. ಟ್ಯಾಬ್ಲೆಟ್‌ಗಳಲ್ಲಿ ಹೆಚ್ಚಾಗಿ ಇರುವುದು ಪಿಡಿಎಫ್ ಕಡತ, ಅಂದರೆ ಸ್ಕ್ಯಾನ್ ಮಾಡಿದ ಹಾಳೆಯ ಚಿತ್ರ. ಎ4 ಹಾಳೆಯನ್ನು ಅಂಗುಲಕ್ಕೆ 300 ಚುಕ್ಕೆಯಂತೆ ಸ್ಕ್ಯಾನ್ ಮಾಡಿದರೆ 2480 x 3508, ಸುಮಾರು 87 ಲಕ್ಷ ಚುಕ್ಕೆಗಳಾಗುತ್ತವೆ. ಪೂರ್ಣ ಬಣ್ಣದಲ್ಲಿ ಚುಕ್ಕೆಗೆ ಮೂರು ಬೈಟ್, ಒಟ್ಟು 2.6 ಕೋಟಿ ಬೈಟ್. ಬರೀ ಕಪ್ಪು ಬಿಳುಪಾದರೆ ಚುಕ್ಕೆಗೆ ಒಂದೇ ಬಿಟ್. ಇದರ 24ನೆಯ ಒಂದು ಭಾಗ ಸಾಕು. ಹಾಳೆಯ ಬಹುಭಾಗ ಬಿಳಿಯೇ ಆದ್ದರಿಂದ, ಚುಕ್ಕೆಗಳನ್ನು ಒಂದೊಂದಾಗಿ ಬರೆಯದೆ ‘400 ಬಿಳಿ, 3 ಕಪ್ಪು’ ಎಂಬಂತೆ ಲೆಕ್ಕವಿಟ್ಟರೆ ಕಡತ ಇನ್ನಷ್ಟು ಕುಗ್ಗುತ್ತದೆ. ಕಪಾಟಿನ ತುಂಬ ಇದ್ದ ಪುಸ್ತಕಗಳು ಒಂದು ಟ್ಯಾಬ್ಲೆಟ್‌ನಲ್ಲಿ ಅಡಗುವುದು ಹೀಗೆ.

ಆದರೆ ಈ ಚಿತ್ರಕ್ಕೆ ಸಂಗೀತ ಗೊತ್ತಿಲ್ಲ. ಅದನ್ನು ಒಂದು ಸ್ವರ ಮೇಲಿನ ಶ್ರುತಿಗೆ ಬದಲಿಸು ಎಂದರೆ ಆಗದು. ಅದಕ್ಕೆ ಸ್ವರಗಳನ್ನೇ ದತ್ತಾಂಶವಾಗಿ ಬರೆಯಬೇಕು. 1983ರಲ್ಲಿ ಬಳಕೆಗೆ ಬಂದ ‘ಮಿಡಿ’ ಪ್ರತಿ ಸ್ವರಕ್ಕೂ ಒಂದು ಸಂಖ್ಯೆ ಕೊಟ್ಟಿತು. ಪಿಯಾನೋದ ನಡುವಿನ ಸಿ 60, ಅದರ ಮೇಲಿನ ಎಫ್ ಶಾರ್ಪ್ 66. ಜಿ ಫ್ಲ್ಯಾಟ್ ಕೂಡ 66! ಕಿವಿಗೆ ಎರಡೂ ಒಂದೇ, ಬರವಣಿಗೆಯಲ್ಲಿ ಬೇರೆ. ನಮ್ಮ ಚತುಶ್ರುತಿ ರಿಷಭ, ಶುದ್ಧ ಗಾಂಧಾರಗಳು ವೀಣೆಯಲ್ಲಿ ಒಂದೇ ಮೆಟ್ಟಿಲಲ್ಲಿದ್ದರೂ ಹೆಸರು ಬದಲಾದರೆ ಮೇಳವೇ ಬದಲಾಗುವಂತೆ. ಹೀಗಾಗಿ ಮಿಡಿ ಕಿವಿಗೆ ಸರಿ, ಕಣ್ಣಿಗೆ ಸಾಲದು. ಈ ಕೊರತೆಯನ್ನು ತುಂಬಿದ್ದು ಮೈಕಲ್ ಗುಡ್ ರೂಪಿಸಿದ ಮ್ಯೂಸಿಕ್‌ಎಕ್ಸ್‌ಎಂಎಲ್. ಇದರ ಮೊದಲ ಪೂರ್ಣ ಆವೃತ್ತಿ 2004ರಲ್ಲಿ ಬಂತು. ಸ್ವರದ ಹೆಸರು, ಸ್ಥಾಯಿ, ಏರಿಳಿತ, ಕಾಲಾವಧಿ ಎಲ್ಲವೂ ಇದರಲ್ಲಿ ಬೇರೆ ಬೇರೆಯಾಗಿ, ಸಾಮಾನ್ಯ ಪಠ್ಯದಲ್ಲೇ ಇರುತ್ತವೆ.

ಇಂಥ ಮುಕ್ತ ರೂಪದ ಬೆಲೆ 2024ರ ಆಗಸ್ಟ್‌ನಲ್ಲಿ ತಿಳಿಯಿತು. ಮೂರೂವರೆ ದಶಕ ಸಂಗೀತಗಾರರ ಕೈಯಲ್ಲಿದ್ದ ಫಿನಾಲೆ ಎಂಬ ಸ್ವರಲಿಪಿ ತಂತ್ರಾಂಶದ ಅಭಿವೃದ್ಧಿಯನ್ನು ನಿಲ್ಲಿಸುವುದಾಗಿ ಅದರ ಸಂಸ್ಥೆ ಪ್ರಕಟಿಸಿತು. ಅದರಲ್ಲಿ ಜೀವಮಾನದ ಕೆಲಸ ಇಟ್ಟಿದ್ದವರು ಹಳೆಯ ಗಣಕ ಕೆಡುವ ಮುನ್ನ ಒಂದೊಂದು ಕಡತವನ್ನೂ ಮ್ಯೂಸಿಕ್‌ಎಕ್ಸ್‌ಎಂಎಲ್‌ಗೆ ಇಳಿಸಿಕೊಳ್ಳಬೇಕಾಯಿತು. ಪುಟದ ವಿನ್ಯಾಸ ಪೂರ್ತಿಯಾಗಿ ಉಳಿಯದಿದ್ದರೂ ಸ್ವರಗಳು ಉಳಿದವು. ಸ್ವಂತ ರಚನೆಗಳಿರುವವರು ಪಿಡಿಎಫ್, ಮ್ಯೂಸಿಕ್‌ಎಕ್ಸ್‌ಎಂಎಲ್ ಎರಡನ್ನೂ ಇಟ್ಟುಕೊಳ್ಳಬೇಕು, ಅದೂ ಟ್ಯಾಬ್ಲೆಟ್‌ನ ಹೊರಗೆ ಇನ್ನೊಂದು ಕಡೆ.

ಹಳೆಯ ಕೃತಿಗಳ ಚಿತ್ರಗಳು ಧಾರಾಳವಾಗಿ ಸಿಗುವುದು ಐಎಂಎಸ್‌ಎಲ್‌ಪಿ ಎಂಬ ಅಂತರಜಾಲ ಭಂಡಾರದಲ್ಲಿ. ಎಡ್ವರ್ಡ್ ಗುವೊ 2006ರಲ್ಲಿ ಕೆನಡಾದಿಂದ ಇದನ್ನು ಆರಂಭಿಸಿದರು. ವಿಯೆನ್ನಾದ ಯೂನಿವರ್ಸಲ್ ಎಡಿಷನ್ ಪ್ರಕಾಶನದ ಆಕ್ಷೇಪದಿಂದ 2007ರಲ್ಲಿ ಮುಚ್ಚಿ, 2008ರಲ್ಲಿ ಮತ್ತೆ ತೆರೆಯಿತು. ಜಗಳದ ಮೂಲ ದೇಶದಿಂದ ದೇಶಕ್ಕೆ ಬದಲಾಗುವ ಕೃತಿಸ್ವಾಮ್ಯದ ಅವಧಿ. 1945ರಲ್ಲಿ ತೀರಿಕೊಂಡ ಬಾರ್ಟೋಕ್‌ನ ರಚನೆಗಳು ಮರಣಾನಂತರ 50 ವರ್ಷದ ಲೆಕ್ಕವಿದ್ದ ಕೆನಡಾದಲ್ಲಿ ಆಗಲೇ ಮುಕ್ತವಾಗಿದ್ದವು. 60 ವರ್ಷದ ಭಾರತದಲ್ಲಿ 2006ರಿಂದ. 70 ವರ್ಷದ ಯೂರೋಪಿನಲ್ಲಿ 2016ರವರೆಗೆ ಕಾಯಬೇಕಿತ್ತು.

ನಮ್ಮ ಕರ್ನಾಟಕ ಸಂಗೀತದ ಸ್ವರಲಿಪಿ ಗೆರೆಗಳ ಮೇಲಲ್ಲ, ಅಕ್ಷರಗಳಲ್ಲಿದೆ. ತಾರಸ್ಥಾಯಿಗೆ ಅಕ್ಷರದ ಮೇಲೊಂದು ಚುಕ್ಕೆ, ಮಂದ್ರಕ್ಕೆ ಕೆಳಗೊಂದು. ಅಲ್ಪವಿರಾಮ, ಅರ್ಧವಿರಾಮಗಳು ಕಾಲಾವಧಿಗೆ. ಐದು ಗೆರೆಗಳಿಗಾಗಿ ಹುಟ್ಟಿದ ಮ್ಯೂಸಿಕ್‌ಎಕ್ಸ್‌ಎಂಎಲ್‌ನಲ್ಲಿ ಇದಕ್ಕೆ ಸಹಜ ಜಾಗವಿಲ್ಲ. ಯೂನಿಕೋಡ್‌ನಲ್ಲಿ ಅಕ್ಷರಕ್ಕೆ ಸೇರಿಸುವ ಮೇಲ್ಚುಕ್ಕೆ, ಕೆಳಚುಕ್ಕೆಗಳಿವೆ. ಆದರೆ ‘ರಿ’, ‘ನಿ’ಗಳ ಗುಡಿಸಿನ ಮೇಲೆ ಚುಕ್ಕೆಯನ್ನು ಸರಿಯಾಗಿ ಕೂರಿಸುವುದು ಎಲ್ಲ ಕನ್ನಡ ಅಕ್ಷರವಿನ್ಯಾಸಗಳಿಗೂ ಬರುವುದಿಲ್ಲ. ಹಾಗಾಗಿ ಹಳೆಯ ಕನ್ನಡ ಪುಸ್ತಕಗಳನ್ನು ಸದ್ಯಕ್ಕೆ ಚಿತ್ರವಾಗಿ ಉಳಿಸಿಕೊಳ್ಳುವುದೇ ಕ್ಷೇಮ. ಸ್ಕ್ಯಾನ್ ಮಾಡುವಾಗ ಒಂದು ಎಚ್ಚರ ಬೇಕು. ಹಳೆಯ ಕಾಗದದ ಕಲೆಗಳನ್ನು ತಾನಾಗಿ ಅಳಿಸುವ ಸೌಲಭ್ಯ ಬಹಳ ತಂತ್ರಾಂಶಗಳಲ್ಲಿದೆ. ಅದಕ್ಕೆ ಧೂಳಿನ ಕಣವೂ ಒಂದೇ, ಸ್ಥಾಯಿಯ ಚುಕ್ಕೆಯೂ ಒಂದೇ. ಚುಕ್ಕೆ ಅಳಿಸಿಹೋದ ತಾರ ಷಡ್ಜ ಓದುವವರಿಗೆ ಮಧ್ಯ ಷಡ್ಜವಾಗಿಯೇ ಕಾಣುತ್ತದೆ. ಆ ಸೌಲಭ್ಯವನ್ನು ನಿಲ್ಲಿಸಿ, ಮೊದಲ ನಾಲ್ಕು ಪುಟಗಳನ್ನು ಮೂಲ ಪುಸ್ತಕದ ಪಕ್ಕದಲ್ಲಿಟ್ಟು ಚುಕ್ಕೆಗಳನ್ನು ಹೋಲಿಸಿ ನೋಡಿದ ಮೇಲೆ ಉಳಿದದ್ದಕ್ಕೆ ಕೈಹಾಕಬಹುದು.